ಸ್ಟೀಲಾ, ಟೈಟಾನಿಯಮ್ಮಾ? ಮುರಿದ ಮೂಳೆಗೆ ಪ್ಲೇಟು ಆರಿಸುವ ಮುಂಚೆ

ಹೋದ ಮಾಗಿಯಲ್ಲಿ ಒಂದು ರಾತ್ರಿ ಹತ್ತೂವರೆಗೆ ಮಾವನ ಮಗ ಫೋನ್ ಮಾಡಿದ. ಅವರದು ಶ್ರೀನಿವಾಸಪುರದ ಹತ್ತಿರ ಒಂದು ಹಳ್ಳಿ. ಮಾವ ಹಾಲಿನ ಕ್ಯಾನು ಇಟ್ಟುಕೊಂಡು ಡೇರಿಗೆ ಹೋಗುವಾಗ ಗಾಡಿ ಜಾರಿ ಬಿದ್ದಿದ್ದರು. ಮುಂಗೈಯ ಎರಡೂ ಮೂಳೆ ಮುರಿದಿತ್ತು.

“ಭಾವ, ಸ್ಟೀಲ್ ಹಾಕ್ಬೇಕಾ ಟೈಟಾನಿಯಂ ಹಾಕ್ಬೇಕಾ ಅಂತ ಕೇಳ್ತಾವ್ರೆ. ಬೆಳಿಗ್ಗೆ ಎಂಟಕ್ಕೆ ಹೇಳ್ಬೇಕಂತೆ. ಸ್ಟೀಲ್ ಒಳಗೇ ತುಕ್ಕು ಹಿಡಿಯುತ್ತೆ, ಟೈಟಾನಿಯಂ ಆದ್ರೆ ಮೈಗೆ ಆಗಿಬರುತ್ತೆ ಅಂತ ಪಕ್ಕದ ಬೆಡ್ಡಿನವರು ಹೇಳಿದ್ರು. ಒಂದು ಹಸು ಮಾರಿಬಿಡ್ಲಾ?”

ನಾನು ಕೋಲಾರದ ಒಂದು ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ಟೆಕ್ನಿಷಿಯನ್. ಡಾಕ್ಟರಲ್ಲ. ಪ್ಲೇಟು, ಸ್ಕ್ರೂ, ರಾಡುಗಳ ಸೆಟ್ಟನ್ನು ಆಟೋಕ್ಲೇವ್ ಮಾಡಿ (ಬಿಸಿ ಹಬೆಯಲ್ಲಿ ಕ್ರಿಮಿ ಕೊಂದು) ಟ್ರಾಲಿಯ ಮೇಲೆ ಜೋಡಿಸುವುದು, ಕೇಳಿದ್ದನ್ನು ಕೇಳಿದ ಹೊತ್ತಿಗೆ ಕೈಗೆ ಕೊಡುವುದು ನನ್ನ ಕೆಲಸ. ಹಾಕುವುದನ್ನೂ ನೋಡುತ್ತೇನೆ, ವರ್ಷ ಕಳೆದ ಮೇಲೆ ತೆಗೆಯುವುದನ್ನೂ ನೋಡುತ್ತೇನೆ. ತೆಗೆಯುವ ದಿನವೇ ಜಾಸ್ತಿ ಕಲಿಸುತ್ತದೆ. ಮೈ ಆ ಲೋಹದ ಜೊತೆ ಹೇಗೆ ಬಾಳಿದೆ ಅನ್ನುವುದು ಅವತ್ತು ಕಣ್ಣಿಗೇ ಕಾಣುತ್ತದೆ.

ಹುಣಸೆಕಾಯಿ ಸುಲಿದು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಚೆನ್ನಾಗಿ ಹಣ್ಣಾದ ಹುಣಸೆಯ ಓಡು ಒಳಗಿನ ಹಣ್ಣನ್ನು ಬಿಟ್ಟುಕೊಂಡಿರುತ್ತದೆ. ಬೆರಳಲ್ಲಿ ಅದುಮಿದರೆ ಪಟ್ ಅಂತ ಬಿಡುತ್ತದೆ. ಹಸಿ ಕಾಯಿಯ ಓಡು ಹಾಗಲ್ಲ, ತಿರುಳಿಗೆ ಕಚ್ಚಿಕೊಂಡಿರುತ್ತದೆ. ಚಾಕು ಹಾಕಿ ಹೆರೆಯಬೇಕು.

ಸ್ಟೀಲ್ ಪ್ಲೇಟು ಮೈಯೊಳಗೆ ಹಣ್ಣಾದ ಹುಣಸೆ. ಹಳೇ ಗಾಯದ ಗೆರೆಯ ಮೇಲೆ ಕುಯ್ದು ಮಾಂಸ ಸರಿಸಿದರೆ ಕೆಳಗೆ ಬೆಳ್ಳಗೆ ಒಂದು ಪೊರೆ ಕಾಣುತ್ತದೆ. ಬೇಯಿಸಿದ ಮೊಟ್ಟೆಯ ಸಿಪ್ಪೆಯ ಒಳಗಿರುತ್ತದಲ್ಲ, ಅಂಥದ್ದೇ, ಇನ್ನೊಂಚೂರು ದಪ್ಪ. ಅದನ್ನು ಸೀಳಿದರೆ ಒಂದಿಷ್ಟು ತೇವ, ಒಳಗೆ ಪ್ಲೇಟು ಫಳಫಳ ಅಂತಿರುತ್ತದೆ. ಸ್ಕ್ರೂ ಬಿಚ್ಚಿದರೆ ಪ್ಲೇಟು ಜಾರಿ ಬರುತ್ತದೆ. ಎಷ್ಟೋ ಸಲ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ.

ಟೈಟಾನಿಯಂ ಹಸಿ ಕಾಯಿ. ಮೂಳೆ ಪ್ಲೇಟಿನ ಅಂಚನ್ನು ಹತ್ತಿ ಮೇಲೆ ಬಂದಿರುತ್ತದೆ. ಸ್ಕ್ರೂ ಹಾಕದೆ ಬಿಟ್ಟ ತೂತುಗಳಲ್ಲಿ ಮೂಳೆ ತುಂಬಿಕೊಂಡಿರುತ್ತದೆ. ಉಳಿ, ಸುತ್ತಿಗೆ ಕೇಳುತ್ತಾರೆ. ಲಾಕಿಂಗ್ ಪ್ಲೇಟಾದರೆ ಸ್ಕ್ರೂವಿನ ತಲೆ ಪ್ಲೇಟಿನ ತೂತಿಗೆ ಕಚ್ಚಿಕೊಂಡುಬಿಟ್ಟಿರುತ್ತದೆ. ಸ್ಕ್ರೂಡ್ರೈವರ್ ತಿರುಗಿಸಿದರೆ ಸ್ಕ್ರೂ ಬರುವ ಬದಲು ತಲೆಯೊಳಗಿನ ಮೂಲೆಗಳೇ ಸವೆದು ಗುಂಡಗಾಗುತ್ತವೆ. ಒಮ್ಮೆ ಎಂಟು ಸ್ಕ್ರೂಗಳಲ್ಲಿ ಏಳು ಬಂದು ಕೊನೆಯದೊಂದು ಎರಡು ಗಂಟೆ ತಿಂದಿತು. ಕೊನೆಗೆ ತಲೆಯನ್ನೇ ಕೊರೆದು ತೆಗೆದಿದ್ದಾಯಿತು. ಸುತ್ತಲಿನ ಮಾಂಸಕ್ಕೆಲ್ಲ ಬೂದು ಬಣ್ಣದ ಪುಡಿ. ತೊಳೆದಷ್ಟೂ ಬರುತ್ತಲೇ ಇತ್ತು.

ಹಾಗಾದರೆ ಯಾವುದು ಮೈಗೆ ಆಗಿಬಂದಿದ್ದು? ಅಂಟಿಕೊಂಡಿದ್ದೇ ಆಗಿಬಂದಿದ್ದು ಅನ್ನಬಹುದು. ಕೆಲಸ ಮುಗಿದ ಮೇಲೆ ಸಲೀಸಾಗಿ ಹೊರಟಿದ್ದೇ ಒಳ್ಳೇದು ಅಂತಲೂ ಅನ್ನಬಹುದು. ನೀವು ಅದನ್ನು ಒಳಗೆ ಎಷ್ಟು ವರ್ಷ ಇಟ್ಟುಕೊಳ್ಳುತ್ತೀರಿ ಅನ್ನುವುದರ ಮೇಲೆ ಉತ್ತರ ನಿಂತಿದೆ. ಇದನ್ನು ಮಾತ್ರ ಪಕ್ಕದ ಬೆಡ್ಡಿನವರು ಯಾರೂ ಹೇಳುವುದಿಲ್ಲ.

ಮೈ ಲೋಹವನ್ನು ಹೇಗೆ ನೋಡುತ್ತದೆ

ಕಾಲಿಗೆ ಜಾಲಿ ಮುಳ್ಳು ಚುಚ್ಚಿ ತುದಿ ಒಳಗೇ ಉಳಿದರೆ ಏನಾಗುತ್ತದೆ? ಮೊದಲು ಕೆಂಪು, ಊತ. ಆಮೇಲೆ ಕೀವು ಕಟ್ಟಿ ಹೊರಗೆ ತಳ್ಳುತ್ತದೆ, ಇಲ್ಲವೇ ಸುತ್ತ ಗಂಟು ಕಟ್ಟಿ ಒಳಗೇ ಮುಚ್ಚಿಹಾಕುತ್ತದೆ. ಪ್ಲೇಟಿಗೂ ಮೈ ಮೊದಲು ಮಾಡುವುದು ಇದನ್ನೇ.

ಲೋಹ ಒಳಗೆ ಹೋದ ಕೆಲವೇ ಕ್ಷಣಗಳಲ್ಲಿ ರಕ್ತದಲ್ಲಿರುವ ಪ್ರೋಟೀನುಗಳು ಅದರ ಮೇಲೆ ಬಂದು ಕೂರುತ್ತವೆ. ಅಂದರೆ ಮೈಯ ಜೀವಕೋಶಗಳು ಬರಿ ಲೋಹವನ್ನು ಮುಟ್ಟುವುದೇ ಇಲ್ಲ, ಆ ಪ್ರೋಟೀನಿನ ಹೊದಿಕೆಯನ್ನು ಮುಟ್ಟುತ್ತವೆ. ಮೊದಲು ಬಿಳಿ ರಕ್ತಕಣಗಳು ಬರುತ್ತವೆ. ಅವುಗಳ ಹಿಂದೆ ಮ್ಯಾಕ್ರೊಫೇಜ್ ಎನ್ನುವ ಕಸ ನುಂಗುವ ಕಣಗಳು. ಪ್ಲೇಟು ನುಂಗುವಷ್ಟು ಚಿಕ್ಕದಲ್ಲವಲ್ಲ? ನಾಲ್ಕಾರು ಕಣಗಳು ಒಂದಾಗಿ ದೈತ್ಯ ಕಣವಾಗುತ್ತವೆ. ಆಗಲೂ ಆಗದಿದ್ದರೆ ಸುತ್ತ ನಾರಿನ ಪೊರೆ ಕಟ್ಟಿ ‘ನೀನು ಅಲ್ಲೇ ಇರು’ ಅಂತ ಬಿಟ್ಟುಬಿಡುತ್ತವೆ. ಸ್ಟೀಲಿನ ಸುತ್ತ ನಾನು ನೋಡುವ ಬಿಳಿ ಪೊರೆ ಅದೇ. ಅದು ಕಾಯಿಲೆಯಲ್ಲ, ಒಂದು ಥರದ ರಾಜಿ.

ಟೈಟಾನಿಯಂ ಮೇಲ್ಮೈಯಲ್ಲಿ ಆಕ್ಸೈಡಿನ ಒಂದು ಪದರ ಇರುತ್ತದೆ. ಕೆಲವೇ ನ್ಯಾನೋಮೀಟರ್ ದಪ್ಪ. ಅದರ ಮೇಲೆ ಮೂಳೆಯ ಕಣಗಳು ನಡುವೆ ನಾರಿನ ಪೊರೆ ಇಲ್ಲದೆ ಕೂತು ಮೂಳೆ ಕಟ್ಟುತ್ತವೆ. ಇದು ಗೊತ್ತಾಗಿದ್ದೂ ಒಂದು ಫಜೀತಿಯಿಂದಲೇ. 1952ರಲ್ಲಿ ಸ್ವೀಡನ್ನಿನ ಬ್ರಾನೆಮಾರ್ಕ್ ಎಂಬುವರು ಮೊಲದ ಕಾಲಿನ ಮೂಳೆಯಲ್ಲಿ ಟೈಟಾನಿಯಂ ಉಪಕರಣ ಕೂರಿಸಿ ರಕ್ತ ಹರಿಯುವುದನ್ನು ನೋಡುತ್ತಿದ್ದರು. ಪ್ರಯೋಗ ಮುಗಿದ ಮೇಲೆ ತೆಗೆಯಲು ಹೋದರೆ ಬರಲೇ ಇಲ್ಲ, ಮೂಳೆ ಹಿಡಿದುಕೊಂಡುಬಿಟ್ಟಿತ್ತು. ಇವತ್ತಿನ ಹಲ್ಲಿನ ಇಂಪ್ಲಾಂಟ್ ಹುಟ್ಟಿದ್ದು ಅಲ್ಲಿಂದ. ನಮ್ಮ ಸರ್ಜನ್ನು ಬೆವರು ಒರೆಸಿಕೊಳ್ಳುವಾಗೆಲ್ಲ ನನಗೆ ಆ ಮೊಲ ನೆನಪಾಗುತ್ತದೆ.

ಯಾವ ತಂಟೆಯೂ ಇಲ್ಲದ ಲೋಹ ಬೇಕು ಅಂದರೆ ನಮ್ಮ ಕೆಜಿಎಫ್‌ನ ಚಿನ್ನವೇ ಇತ್ತು. ಮೈಯೊಳಗೆ ಚಿನ್ನ ಸವೆಯುವುದಿಲ್ಲ, ಕಪ್ಪಾಗುವುದಿಲ್ಲ. ಆದರೆ ಕೈಯಲ್ಲೇ ಬಗ್ಗುವ ಲೋಹ ತೊಡೆಯ ಮೂಳೆಯನ್ನು ಹಿಡಿಯುತ್ತದಾ? ಗಣಿ ಮುಚ್ಚಿದ್ದು 2001ರಲ್ಲಿ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ, ಸುಮ್ನೆ ಹೇಳಿದೆ.

ತುಕ್ಕಿನ ಮಾತು

ಪಕ್ಕದ ಬೆಡ್ಡಿನವರ ಮಾತು ಪೂರ್ತಿ ಸುಳ್ಳಲ್ಲ, ನೂರು ವರ್ಷ ಹಳೇದು. 1900ರ ಆಸುಪಾಸಿನಲ್ಲಿ ಯುರೋಪಿನಲ್ಲಿ ಹಾಕುತ್ತಿದ್ದ ಸ್ಟೀಲ್ ಪ್ಲೇಟುಗಳು ಮೈಯೊಳಗೆ ಸವೆಯುತ್ತಿದ್ದವು, ಮುರಿಯುತ್ತಿದ್ದವು. ಈಗ ಹಾಕುವುದು 316ಎಲ್ ಎನ್ನುವ ಸ್ಟೀಲು. ಇದು ಅಡುಗೆಮನೆಯ ಸ್ಟೀಲಲ್ಲ. ಉಪ್ಪಿನಕಾಯಿಯನ್ನು ಸ್ಟೀಲ್ ಡಬ್ಬಿಗೆ ಹಾಕಬೇಡ, ಜಾಡಿಯಲ್ಲಿಡು ಅಂತ ನಮ್ಮಜ್ಜಿ ಬೈಯುತ್ತಿದ್ದಳು. ಉಪ್ಪು ಸ್ಟೀಲಿನಲ್ಲಿ ಸಣ್ಣ ಸಣ್ಣ ಗುಳಿ ಕೊರೆಯುತ್ತದೆ. ನಮ್ಮ ಮೈಯೂ ಒಂದು ಥರ ಉಪ್ಪುನೀರಿನ ಜಾಡಿಯೇ. ಅದನ್ನು ತಡೆಯಲೆಂದೇ 316ಎಲ್‌ನಲ್ಲಿ ಶೇಕಡಾ 2ರಿಂದ 3ರಷ್ಟು ಮಾಲಿಬ್ಡಿನಂ ಸೇರಿಸಿ, ಇಂಗಾಲವನ್ನು ಶೇಕಡಾ 0.03ಕ್ಕೆ ಇಳಿಸಿದ್ದಾರೆ. ಮೇಲೆ ಕ್ರೋಮಿಯಂ ಆಕ್ಸೈಡಿನ ಪದರ ಕಾವಲಿರುತ್ತದೆ.

ಆ ಪದರ ಗೀಚಿದರೂ ಮತ್ತೆ ಕಟ್ಟಿಕೊಳ್ಳುತ್ತದೆ. ತೊಂದರೆ ಬರುವುದು ಒಂದೇ ಜಾಗ ಮತ್ತೆ ಮತ್ತೆ ಉಜ್ಜಿದಾಗ. ಸ್ಕ್ರೂವಿನ ತಲೆಯೂ ಪ್ಲೇಟಿನ ತೂತೂ ಸೇರುವಲ್ಲಿ ಇದು ಜಾಸ್ತಿ. ಸ್ಕ್ರೂ ಸಡಿಲವಾಗಿದ್ದರೆ ಪ್ರತಿ ಹೆಜ್ಜೆಗೂ ತಿಕ್ಕುತ್ತದೆ, ಪುಡಿ ಉದುರುತ್ತದೆ. ಪ್ಲೇಟನ್ನು ನುಂಗಲಾರದ ಮ್ಯಾಕ್ರೊಫೇಜು ಪುಡಿಯನ್ನು ಮಾತ್ರ ಚೆನ್ನಾಗಿ ನುಂಗುತ್ತದೆ. ನುಂಗಿ ಕೆರಳುತ್ತದೆ, ಊತ ತರುತ್ತದೆ, ಪಕ್ಕದ ಮೂಳೆಯನ್ನೂ ಕರಗಿಸುತ್ತದೆ. ಟೈಟಾನಿಯಂ ಆದರೂ ಇಷ್ಟೇ ಕಥೆ. ಒಂದು ಸಡಿಲ ಟೈಟಾನಿಯಂ ಪ್ಲೇಟಿನ ಸುತ್ತ ಮಾಂಸ ಕರೀ ಮಸಿಯ ಬಟ್ಟೆಯ ಹಾಗಾಗಿದ್ದನ್ನು ನೋಡಿದ್ದೇನೆ. ಗಟ್ಟಿಯಾಗಿ ಕೂತ ಸ್ಟೀಲು ಅದಕ್ಕಿಂತ ಎಷ್ಟೋ ವಾಸಿ.

ಎರಡು ಬೇರೆ ಲೋಹ ಬೆರೆಸುವುದನ್ನೂ ಸಾಮಾನ್ಯವಾಗಿ ಬೇಡ ಅನ್ನುತ್ತಾರೆ. ಟೈಟಾನಿಯಂ ಪ್ಲೇಟಿಗೆ ಸ್ಟೀಲ್ ಸ್ಕ್ರೂ ಹಾಕಿದರೆ ಉಪ್ಪುನೀರಿನಲ್ಲಿ ಸಣ್ಣ ಬ್ಯಾಟರಿ ಇಟ್ಟ ಹಾಗೆ, ಸ್ಟೀಲು ಬೇಗ ಸವೆಯುತ್ತದೆ.

ರೋಲ್ಡ್ ಗೋಲ್ಡ್ ಓಲೆ ಆಗದವರು

ಜಾತ್ರೆಯಲ್ಲಿ ಕೊಂಡ ಓಲೆ ಹಾಕಿದರೆ ಕಿವಿ ಕೆಂಪಾಗಿ ಸೋರುತ್ತದೆ, ವಾಚಿನ ಚೈನಿನ ಕೆಳಗೆ, ಜೀನ್ಸ್ ಬಟನ್ನಿನ ಹತ್ತಿರ ತುರಿಕೆ ಬರುತ್ತದೆ ಅನ್ನುವವರು ಮನೆಗೊಬ್ಬರಿರುತ್ತಾರೆ, ಅಲ್ವಾ? ಹೆಂಗಸರಲ್ಲಿ ಜಾಸ್ತಿ. ಎಷ್ಟೋ ಸಲ ಅದು ನಿಕಲ್ ಅಲರ್ಜಿ. ಸರ್ಜಿಕಲ್ ಸ್ಟೀಲಿನಲ್ಲಿ ನಿಕಲ್ ಶೇಕಡಾ 13ರಿಂದ 15ರಷ್ಟಿದೆ.

ಹೆದರಿಕೊಳ್ಳುವ ಮುಂಚೆ ಒಂದು ಮಾತು. ಸ್ಟೀಲಿನೊಳಗಿನ ನಿಕಲ್ ಗಟ್ಟಿಯಾಗಿ ಬಂಧಿಯಾಗಿರುತ್ತದೆ, ಹೊರಗೆ ಬರುವುದು ತೀರಾ ಕಮ್ಮಿ. ಚರ್ಮಕ್ಕೆ ನಿಕಲ್ ಆಗದ ಎಷ್ಟೋ ಜನ ಮೈಯೊಳಗೆ ಸ್ಟೀಲ್ ಇಟ್ಟುಕೊಂಡು ಆರಾಮಾಗಿದ್ದಾರೆ. ಆದರೆ ಕೆಲವರಿಗೆ ಪ್ಲೇಟಿನ ಮೇಲಿನ ತೊಗಲಲ್ಲೇ ಗಂಧೆ, ತುರಿಕೆ ಬರುವುದುಂಟು. ಹಾಗಾಗಿ ಓಲೆಯ ವಿಷಯವನ್ನು ಡಾಕ್ಟರಿಗೆ ಮೊದಲೇ ಹೇಳಿ. ಕೇಳುವ ತನಕ ಕಾಯಬೇಡಿ, ಎಮರ್ಜೆನ್ಸಿ ಗಡಿಬಿಡಿಯಲ್ಲಿ ಯಾರೂ ಕೇಳುವುದಿಲ್ಲ. ಇಂಥವರು ಟೈಟಾನಿಯಂಗೆ ಕೊಡುವ ದುಡ್ಡು ದಂಡವಲ್ಲ.

ಟೈಟಾನಿಯಂ ಅಂದರೂ ಬಹಳಷ್ಟು ಸಲ ಅಪ್ಪಟ ಟೈಟಾನಿಯಂ ಅಲ್ಲ. ಗಟ್ಟಿ ಇರಲಿ ಅಂತ ಶೇಕಡಾ 6 ಅಲ್ಯೂಮಿನಿಯಂ, 4 ವನೇಡಿಯಂ ಬೆರೆಸಿರುತ್ತಾರೆ. ಇದಕ್ಕೆ ಅಲರ್ಜಿ ಆಗುವವರು ತೀರಾ ಅಪರೂಪ.

ಕೀವು ಆದರೆ

ಪ್ಲೇಟಿನ ಜಾಗದಲ್ಲಿ ಕೆಂಪಾಗಿ ಸೋರಿದರೆ ‘ಲೋಹ ಆಗಿಬರಲಿಲ್ಲ’ ಅನ್ನುತ್ತಾರೆ. ಹತ್ತಿರದಿಂದ ನೋಡಿದವನಾಗಿ ಹೇಳುತ್ತೇನೆ, ಮೊದಲು ಅನುಮಾನ ಪಡಬೇಕಾದ್ದು ಸೋಂಕನ್ನು. ಹೈವೇಯಲ್ಲಿ ಬಿದ್ದು ಮೂಳೆ ಹೊರಗೆ ಬಂದು, ಗಾಯದಲ್ಲಿ ಮಣ್ಣು, ಡೀಸೆಲ್ ಎಲ್ಲ ಸೇರಿಕೊಂಡು ಬಂದವರಿಗೆ ಈ ಅಪಾಯ ಜಾಸ್ತಿ.

ಲೋಹದ ಮೇಲ್ಮೈಯಲ್ಲಿ ಒಂದು ಪೈಪೋಟಿ ನಡೆಯುತ್ತದೆ. ಮೈಯ ಕಣ ಮೊದಲು ಕೂತರೆ ಗೆದ್ದಿರಿ. ಬ್ಯಾಕ್ಟೀರಿಯಾ ಮೊದಲು ಕೂತರೆ ತಮ್ಮ ಮೇಲೆ ಲೋಳೆಯ ಪದರ ಹೊದ್ದುಕೊಂಡುಬಿಡುತ್ತವೆ. ಕೆರೆಯ ಕಲ್ಲಿನ ಮೇಲಿನ ಪಾಚಿ ಬರಿ ನೀರು ಹೊಯ್ದರೆ ಹೋಗುತ್ತದಾ? ಹಾಗೇ ಇದು ಬರಿ ಮಾತ್ರೆ, ಇಂಜೆಕ್ಷನ್ನಿಗೆ ಬಗ್ಗುವುದಿಲ್ಲ. ಎಷ್ಟೋ ಸಲ ಲೋಹವನ್ನೇ ತೆಗೆಯಬೇಕಾಗುತ್ತದೆ.

ಇಲ್ಲಿ ಟೈಟಾನಿಯಂಗೆ ಒಂದು ಅನುಕೂಲ ಇದೆ. ಮಾಂಸ, ಮೂಳೆ ಎರಡೂ ಅದಕ್ಕೆ ಕಚ್ಚಿಕೊಳ್ಳುವುದರಿಂದ ನಡುವೆ ಸಂದು ಉಳಿಯುವುದಿಲ್ಲ. ಸ್ಟೀಲಿಗೂ ಪೊರೆಗೂ ನಡುವೆ ಇರುವ ಆ ತೇವದ ಸಂದು ಬ್ಯಾಕ್ಟೀರಿಯಾಕ್ಕೆ ಓಣಿ ಇದ್ದಂತೆ. ಮೊಲಗಳ ಮೇಲೆ ಮಾಡಿದ ಪ್ರಯೋಗಗಳಲ್ಲಿ ಸ್ಟೀಲ್ ಪ್ಲೇಟಿಗೆ ಸೋಂಕು ಜಾಸ್ತಿ ತಗುಲಿದೆ. ಮನುಷ್ಯರಲ್ಲಿ ಈ ವ್ಯತ್ಯಾಸ ಅಷ್ಟು ಸ್ಪಷ್ಟವಾಗಿ ಕಂಡಿಲ್ಲ. ಗಾಯವನ್ನು ಎಷ್ಟು ಬೇಗ, ಎಷ್ಟು ಚೆನ್ನಾಗಿ ತೊಳೆದರು, ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆಯಾ ಅನ್ನುವುದು ಲೋಹದ ಹೆಸರಿಗಿಂತ ದೊಡ್ಡದು.

ಟೊಮೆಟೊ ಗಿಡ, ಊರುಗೋಲು

ನಮ್ಮ ಕಡೆ ಟೊಮೆಟೊಗೆ ನೀಲಗಿರಿ ಕೋಲು ನೆಟ್ಟು ದಾರ ಎಳೆದು ಕಟ್ಟುತ್ತಾರೆ. ಪೂರ್ತಿ ಭಾರ ಕೋಲೇ ಹೊತ್ತರೆ ಕಾಂಡ ಸಪೂರವಾಗೇ ಉಳಿಯುತ್ತದೆ. ಮೂಳೆಯೂ ಹಾಗೇ, ಭಾರ ಬಿದ್ದರೆ ಬಲಿಯುತ್ತದೆ, ಬೀಳದಿದ್ದರೆ ಸೊರಗುತ್ತದೆ.

ಬಗ್ಗದೆ ನಿಲ್ಲುವ ಬಿಗಿಯನ್ನು ಗಿಗಾಪ್ಯಾಸ್ಕಲ್ ಲೆಕ್ಕದಲ್ಲಿ ಅಳೆಯುತ್ತಾರೆ. ಗಟ್ಟಿ ಮೂಳೆ ಸುಮಾರು 15ರಿಂದ 20. ಟೈಟಾನಿಯಂ ಸುಮಾರು 110. ಸ್ಟೀಲು ಹತ್ತಿರ ಹತ್ತಿರ 200. ಅಂದರೆ ಒಂದೇ ಅಳತೆಯ ಸ್ಟೀಲ್ ಪ್ಲೇಟು ಟೈಟಾನಿಯಂಗಿಂತ ಜಾಸ್ತಿ ಭಾರವನ್ನು ತಾನೇ ಹೊತ್ತುಕೊಳ್ಳುತ್ತದೆ. ಕೆಳಗಿನ ಮೂಳೆ ಸ್ವಲ್ಪ ತೆಳುವಾಗಬಹುದು. ಮುರಿದ ಜಾಗದಲ್ಲಿ ಕೂದಲೆಳೆಯಷ್ಟು ಅಲುಗಾಟ ಇದ್ದರೆ ಮೂಳೆ ಗಂಟು ಕಟ್ಟಿ ಬೇಗ ಕೂಡುವುದೂ ಉಂಟು. ಮಕ್ಕಳ ತೊಡೆಯ ಮೂಳೆಗೆ ಬಳುಕುವ ಟೈಟಾನಿಯಂ ಕಡ್ಡಿಗಳನ್ನು ತೂರಿಸುವುದು ಇದಕ್ಕೇ. ಬೆಳೆಯುವ ಮಕ್ಕಳಿಗೆ ಸಾಮಾನ್ಯವಾಗಿ ವರ್ಷದೊಳಗೆ ತೆಗೆದೂಬಿಡುತ್ತಾರೆ.

ಸ್ಟೀಲಿಗೂ ಅದರದೇ ಗುಣ ಇದೆ. ಮೂಳೆಯ ತಿರುವಿಗೆ ತಕ್ಕಂತೆ ಟೇಬಲ್ಲಿನ ಮೇಲೇ ಬಗ್ಗಿಸಿಕೊಳ್ಳಬಹುದು. ಟೈಟಾನಿಯಂ ಅನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸಿದರೆ ಒಳಗೆ ಸಣ್ಣ ಬಿರುಕು ಬಿಡುತ್ತದೆ. ಇನ್ನು ಮಣಿಕಟ್ಟಿನಂಥ ಜಾಗದಲ್ಲಿ ಬೆರಳು ಆಡಿಸುವ ಟೆಂಡನ್ ಹುರಿಗಳು ಪ್ಲೇಟಿನ ಮೇಲೇ ಓಡಾಡುತ್ತವೆ. ಅಲ್ಲಿ ಯಾವುದೂ ಅಂಟಿಕೊಳ್ಳದ ನುಣುಪು ಸ್ಟೀಲೇ ವಾಸಿ ಅನ್ನುವ ಸರ್ಜನ್ನರಿದ್ದಾರೆ.

ನಮ್ಮ ಸೀಮೆಗೇ ಸೇರಿದ ಒಂದು ವಿಷಯ ಇಲ್ಲಿ ಬರಬೇಕು. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ವರ್ಷಗಟ್ಟಲೆ ಕುಡಿದವರ ಮೂಳೆ ಗಟ್ಟಿಯಾಗುತ್ತದೆ, ಆದರೆ ಪೆಡಸಾಗುತ್ತದೆ. ಡ್ರಿಲ್ ಇಳಿಯುವುದೇ ಇಲ್ಲ, ಕಲ್ಲು ಕೊರೆದ ಸದ್ದು. ಬಿಟ್ ಬಿಸಿಯಾಗುತ್ತದೆ. ಮೂಳೆ 47 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ನಿಮಿಷ ಇದ್ದರೆ ಸಾಕು, ಅಲ್ಲಿನ ಕಣಗಳು ಸಾಯತೊಡಗುತ್ತವೆ. ಸತ್ತ ಮೂಳೆಯಲ್ಲಿ ಯಾವ ಸ್ಕ್ರೂ ನಿಲ್ಲುತ್ತದೆ? ಅದಕ್ಕೇ ಡ್ರಿಲ್ ತಿರುಗುತ್ತಿರುವಷ್ಟು ಹೊತ್ತೂ ನಾವು ತಣ್ಣನೆ ಸಲೈನ್ ಹೊಯ್ಯುತ್ತಲೇ ಇರುತ್ತೇವೆ. ಆಮೇಲೆ ಸ್ಕ್ರೂ ಸಡಿಲವಾದಾಗ ಬೈಗುಳ ತಿನ್ನುವುದು ಮಾತ್ರ ಲೋಹ.

ಉಳಿದವು ಬೇಗ ಹೇಳಿಬಿಡುತ್ತೇನೆ

ಕರಗುವ ಸ್ಕ್ರೂ: ಒಂದು ಥರದ ಪ್ಲಾಸ್ಟಿಕ್ಕು. ತೆಗೆಯುವ ಆಪರೇಷನ್ ತಪ್ಪುತ್ತದೆ. ಬೇಗ ಕರಗುವ ಜಾತಿಯದಾದರೆ ಕೆಲವರಿಗೆ ಸೋಂಕಿಲ್ಲದೆಯೂ ರಸಿಗೆ ಬರುತ್ತದೆ, ಕರಗಿದ್ದನ್ನು ಸಾಗಿಸಲು ಮೈಗೆ ಆಗದೆ. ನಿಧಾನವಾಗಿ ಕರಗುವುದು ವರ್ಷಗಟ್ಟಲೆ ಉಳಿಯುತ್ತದೆ. ಭಾರ ಹೊರುವ ದೊಡ್ಡ ಮೂಳೆಗೆ ಇದು ಬೇಡ. ಮೆಗ್ನೀಸಿಯಂ ಸ್ಕ್ರೂಗಳೂ ಇವೆ. ಕರಗುವಾಗ ಹೈಡ್ರೋಜನ್ ಗುಳ್ಳೆ ಬಿಡುತ್ತವೆ, ಎಕ್ಸ್‌ರೇಯಲ್ಲಿ ಕಪ್ಪಾಗಿ ಕಂಡು ಗಾಬರಿ ಹುಟ್ಟಿಸುತ್ತವೆ. ಪೀಕ್ ಎನ್ನುವ ಪ್ಲಾಸ್ಟಿಕ್ಕು ಬೆನ್ನುಮೂಳೆಯ ಕೆಲಸಕ್ಕೆ ಜಾಸ್ತಿ. ಬರಿ ಪೀಕ್‌ಗೆ ಮೂಳೆ ಅಷ್ಟಾಗಿ ಅಂಟುವುದಿಲ್ಲ.

ಏನೂ ಹಾಕದಿರುವುದೂ ಒಂದು ದಾರಿಯೇ. ಜರುಗದ ಮುರಿತಕ್ಕೆ ಎಷ್ಟೋ ಸಲ ಹಿಟ್ಟಿನ ಪಟ್ಟಿ (ಪ್ಲಾಸ್ಟರ್) ಸಾಕು. ನಮ್ಮ ಕಡೆಯವರಿಗೆ ಪುತ್ತೂರು ಕಟ್ಟು, ಅಂದರೆ ಆಂಧ್ರದ ಪುತ್ತೂರಿನ ನಾಟಿ ಮೂಳೆ ಕಟ್ಟು, ಗೊತ್ತೇ ಇದೆ. ಕಟ್ಟು ಯಾರದ್ದೇ ಆಗಲಿ, ಮೊದಲು ಎಕ್ಸ್‌ರೇ ತೆಗೆಸಿ. ಆರು ವಾರ ಕಳೆದು ವಕ್ರವಾಗಿ ಕೂಡಿಕೊಂಡ ಮೇಲೆ ಬಂದರೆ ಮತ್ತೆ ಮುರಿದೇ ಜೋಡಿಸಬೇಕಾಗುತ್ತದೆ.

ಎಂಆರ್‌ಐ ಬಗ್ಗೆ ಹೆದರಿಕೆ ಜಾಸ್ತಿ. ಇವತ್ತಿನ ಸ್ಟೀಲ್ ಪ್ಲೇಟು ಇದ್ದರೂ ಸಾಮಾನ್ಯವಾಗಿ ಎಂಆರ್‌ಐ ಮಾಡುತ್ತಾರೆ, ಮೊದಲೇ ತಿಳಿಸಬೇಕು ಅಷ್ಟೇ. ಆದರೆ ಪ್ಲೇಟಿನ ಸುತ್ತ ಚಿತ್ರ ಕಲಸಿಹೋಗುತ್ತದೆ. ಟೈಟಾನಿಯಂನಲ್ಲಿ ಆ ಕಾಟ ಕಮ್ಮಿ. ಬೆನ್ನುಮೂಳೆಗೆ, ಮುಂದೆ ಸ್ಕ್ಯಾನ್ ಬೇಕಾಗುವ ಜಾಗಕ್ಕೆ ಟೈಟಾನಿಯಂ ಆರಿಸುವುದಕ್ಕೆ ಇದೊಂದೇ ಕಾರಣ ಸಾಕು.

ಮಾವನಿಗೆ ಏನು ಹೇಳಿದೆ

ಹಸು ಮಾರಬೇಡ ಅಂದೆ. ಮಾವನಿಗೆ ಐವತ್ತೆರಡು ವರ್ಷ. ಚರ್ಮ ಹರಿದಿಲ್ಲ, ವಾಚಿನಿಂದ ಯಾವತ್ತೂ ತುರಿಕೆ ಬಂದಿಲ್ಲ. ಮುಂಗೈಗೆ ಸ್ಟೀಲು ಧಾರಾಳವಾಗಿ ಸಾಕು. ಕಾಟ ಕೊಡದಿದ್ದರೆ ಹಾಗೇ ಇರಲಿ. ಕೊಟ್ಟರೆ ಒಂದೂವರೆ ಎರಡು ವರ್ಷದ ಮೇಲೆ ತೆಗೆಸಬಹುದು. ತೆಗೆಸಿದ ಮೇಲೂ ಸ್ಕ್ರೂವಿನ ತೂತು ತುಂಬುವ ತನಕ, ಒಂದೆರಡು ತಿಂಗಳಾದರೂ, ಹಾಲಿನ ಕ್ಯಾನು ಎತ್ತುವ ಹಾಗಿಲ್ಲ.

ಅದೇ ಅತ್ತೆಗೆ ಆಗಿದ್ದರೆ ಬೇರೆ ಮಾತು. ಅವರಿಗೆ ಬಂಗಾರ ಬಿಟ್ಟು ಬೇರೆ ಓಲೆ ಹಾಕಿದರೆ ಕಿವಿ ಹಣ್ಣಾಗುತ್ತದೆ. ಟೈಟಾನಿಯಂ ಅನ್ನುತ್ತಿದ್ದೆ. ಸೊಂಟದ ಹತ್ತಿರ ಮುರಿದು ಸಾಯುವ ತನಕ ಒಳಗೇ ಇರಬೇಕಾದ ರಾಡಾದರೆ, ದುಡ್ಡಿದ್ದರೆ ಟೈಟಾನಿಯಂ, ಇಲ್ಲದಿದ್ದರೆ ಸ್ಟೀಲು. ಸಾಲ ಮಾಡುವಷ್ಟು ವ್ಯತ್ಯಾಸ ನನಗಂತೂ ಕಂಡಿಲ್ಲ.

ಬೀಡಿ ಬಿಡಿಸು ಅಂತಲೂ ಹೇಳಿದೆ. ನಿಕೋಟಿನ್ ಸಣ್ಣ ರಕ್ತನಾಳಗಳನ್ನು ಮುದುರಿಸುತ್ತದೆ, ಮೂಳೆ ಕೂಡುವುದು ತಡವಾಗುತ್ತದೆ. ಕೂಡದ ಮೂಳೆಯ ಮೇಲೆ ಯಾವ ಲೋಹದ ಪ್ಲೇಟಾದರೂ ಒಂದು ದಿನ ದಣಿದು ಮುರಿಯುತ್ತದೆ. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ಮುರಿಯುವುದಿಲ್ಲವಾ, ಹಾಗೆ.

ದುಡ್ಡಿನ ವಿಷಯ. ಹೃದಯದ ಸ್ಟೆಂಟಿಗೆ, ಮೊಣಕಾಲಿನ ಕೃತಕ ಕೀಲಿಗೆ ಕೇಂದ್ರ ಸರ್ಕಾರ 2017ರಲ್ಲಿ ಗರಿಷ್ಠ ದರ ಕಟ್ಟಿತು. ಅದೇ ದರಪಟ್ಟಿ ಪ್ಲೇಟು, ಸ್ಕ್ರೂಗೂ ಇದೆ ಅಂತ ಅಂದುಕೊಂಡು ಕೂರಬೇಡಿ. ಎಂಆರ್‌ಪಿ ತೋರಿಸಿ ಅಂತ ಕೇಳಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಆಪರೇಷನ್ ಆಗುತ್ತಿದ್ದರೆ, ಇಂಪ್ಲಾಂಟು ಪ್ಯಾಕೇಜಿನ ಒಳಗೋ ಹೊರಗೋ ಅಂತ ಆಸ್ಪತ್ರೆಯಲ್ಲಿ ಆ ಯೋಜನೆ ನೋಡಿಕೊಳ್ಳುವ ಆರೋಗ್ಯ ಮಿತ್ರರನ್ನು ಮೊದಲೇ ಕೇಳಿ, ಸಹಿ ಹಾಕಿದ ಮೇಲಲ್ಲ.

ಕೊನೆಯದಾಗಿ ಸ್ಟಿಕರ್. ಇಂಪ್ಲಾಂಟಿನ ಪ್ಯಾಕೆಟ್ಟಿನ ಮೇಲೆ ಕಂಪನಿ, ಲೋಹ, ಅಳತೆ, ಬ್ಯಾಚ್ ನಂಬರ್ ಇರುವ ಸಣ್ಣ ಚೀಟಿ ಇರುತ್ತದೆ. ಒಂದನ್ನು ಕೇಸ್ ಶೀಟಿಗೆ ಅಂಟಿಸುತ್ತೇವೆ. ಡಿಸ್ಚಾರ್ಜ್ ದಿನ ಅದರ ಫೋಟೋ ತೆಗೆದುಕೊಳ್ಳಿ, ಸಾಧ್ಯವಾದರೆ ಒಂದು ಪ್ರತಿ ಕೇಳಿ ಇಸ್ಕೊಳ್ಳಿ. ಸ್ಕ್ರೂವಿನ ತಲೆ ಒಂದೊಂದು ಸೆಟ್ಟಿಗೆ ಒಂದೊಂದು ಥರ, ಕೆಲವು ಆರು ಮೂಲೆಯವು, ಕೆಲವು ನಕ್ಷತ್ರದ ಆಕಾರದವು. ಒಳಗಿರುವುದು ಯಾವುದು ಅಂತ ಗೊತ್ತಿಲ್ಲದೆ ತೆಗೆಯಲು ಹೊರಟರೆ, ರೋಗಿಯನ್ನು ಟೇಬಲ್ಲಿನ ಮೇಲೆ ಮಲಗಿಸಿಕೊಂಡು ಸ್ಕ್ರೂಡ್ರೈವರಿಗೆ ಬೆಂಗಳೂರಿಗೆ ಫೋನ್ ಮಾಡುವ ಪರಿಸ್ಥಿತಿ ಬರುತ್ತದೆ. ಮಾವನ ಸ್ಟಿಕರನ್ನು ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗೆ ಇಡಿಸಿದ್ದೇನೆ. ಅವರ ಮನೆಯಲ್ಲಿ ಕಳೆಯದ ಕಾಗದ ಅದೊಂದೇ.